ನೆಲೆ ಆರಿಸಿದವರು, ನೆಲೆಸಿದವರು

ಆದಿಕವಿ ಪಂಪನ ಮನೆತನ ವೆಂಗಿನಾಡಿನ ವೆಂಗಿಪಳುವಿನದು. ತಾಯಿಯ ತವರು ಅಣ್ಣಿಗೇರಿ. ಕವಿಗೆ ಆಶ್ರಯ ದೊರೆತದ್ದು ಅರಿಕೇಸರಿಯ ಆಸ್ಥಾನದಲ್ಲಿ, ಇಂದಿನ ತೆಲಂಗಾಣದ ವೇಮುಲವಾಡದಲ್ಲಿ. ಇಷ್ಟಾದರೂ 941ರಲ್ಲಿ ಮುಗಿದ 'ವಿಕ್ರಮಾರ್ಜುನ ವಿಜಯ'ದಲ್ಲಿ ಅವನ ಅರ್ಜುನ ಮನಸೋತು ನೆನೆಯುವುದು ಬನವಾಸಿಯನ್ನು. ಒಂದು ಮನೆತನದ ಕಥೆಯಲ್ಲಿ ನಾಲ್ಕು ಊರುಗಳು ಸೇರಿಕೊಂಡಿವೆ. ಆ ಸಂಸಾರ ಒಂದು ನಾಡಿನಿಂದ ಇನ್ನೊಂದು ನಾಡಿಗೆ ಬಂದಾಗ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡಿದವರು ಯಾರು, ಅದಕ್ಕೆ ಒಪ್ಪಿದವರು ಯಾರು, ಒಪ್ಪದೆ ಸುಮ್ಮನೆ ಹಿಂದೆ ನಡೆದವರು ಯಾರು ಎಂಬುದನ್ನು ಕಾವ್ಯ ಹೇಳುವುದಿಲ್ಲ. ಮಹಾಕಾವ್ಯ ಅದನ್ನು ಹೇಳಬೇಕೆಂದು ಕೇಳುವುದೂ ನ್ಯಾಯವಲ್ಲ. ಆದರೆ ಗೃಹಕೃತ್ಯದ ಚಿಕ್ಕಪುಟ್ಟ ಸಂಗತಿಗಳನ್ನೇ ಬಂಡವಾಳ ಮಾಡಿಕೊಂಡು ಹುಟ್ಟಿದ ಕಾದಂಬರಿಯನ್ನು ಹಾಗೆ ಕೇಳಬಹುದು, ಕೇಳಲೇಬೇಕು.

ಕೇಳಿದರೆ ದೊರೆಯುವ ಉತ್ತರ ಅಷ್ಟೇನೂ ಸಮಾಧಾನಕರವಲ್ಲ. ನಮ್ಮ ಕಾದಂಬರಿಗಳಲ್ಲಿ ಊರು ಬಿಡುವ ಪ್ರಸಂಗಗಳು ಬೇಕಾದಷ್ಟಿವೆ, ಕಣ್ಣೀರು ತರಿಸುವಂಥವು. ಊರಿಗೆ ಮರಳುವ ಪ್ರಸಂಗಗಳೂ ಇವೆ, ಎದೆ ತುಂಬುವಂಥವು. ಇವೆರಡರ ನಡುವೆ ಒಂದು ಘಟ್ಟವುಂಟು: ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗುರುತಿಲ್ಲದ ನಾಡಿಗೆ ಬಂದ ಮನುಷ್ಯ, ಈ ಬೀದಿಯೋ ಆ ಬೀದಿಯೋ, ಹೊಳೆಯ ದಂಡೆಯೋ ದಿಣ್ಣೆಯ ಮೇಲೋ ಎಂದು ನೋಡಿ, ಅಳೆದು, ಒಂದು ಕಡೆ ಗಂಟು ಇಳಿಸುವ ಘಳಿಗೆ. ಆ ಘಳಿಗೆಯನ್ನು ನಮ್ಮ ಲೇಖಕರು ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ಮುಂದಿನ ಪ್ರಕರಣದ ಹೊತ್ತಿಗೆ ಒಲೆ ಹೊತ್ತಿರುತ್ತದೆ, ತುಳಸಿ ಚಿಗುರಿರುತ್ತದೆ.

ಇದಕ್ಕೆ ಕಾರಣ ನಮ್ಮ ಮಾತಿನಲ್ಲಿಯೇ ಅಡಗಿದೆ ಎಂದು ನನಗೆ ತೋರುತ್ತದೆ. 'ಆ ಊರಿನ ಋಣ ತೀರಿತು', 'ಇಲ್ಲಿಯ ಅನ್ನನೀರಿನ ಋಣ ಇತ್ತು, ಬಂದೆವು' ಎನ್ನುತ್ತೇವೆ. ಬಹಳ ಅರ್ಥವತ್ತಾದ ಮಾತು. ನೊಂದವರಿಗೆ ಸಮಾಧಾನ ಕೊಡುವ ಮಾತು. ಆದರೆ ಋಣವೆಂದ ಕೂಡಲೆ ಆರಿಸಿದವನು ಮರೆಯಾಗುತ್ತಾನೆ. ಯಾರೋ ಒಬ್ಬರು ಕುಳಿತು ಲೆಕ್ಕ ಹಾಕಿದ್ದು, ಮತ್ತೊಬ್ಬರನ್ನು ಕೇಳದೆ ಬಿಟ್ಟದ್ದು, ಎಲ್ಲವೂ ಪೂರ್ವಜನ್ಮದ ಖಾತೆಗೆ ಜಮೆಯಾಗುತ್ತದೆ. ಋಣವು ತತ್ತ್ವಜ್ಞಾನಿಗೆ ಸಾಕು, ಕಾದಂಬರಿಕಾರನಿಗೆ ಸಾಲದು.

ನೀತಿಶಾಸ್ತ್ರ ಬರೆದ ಹಿರಿಯರು ಈ ವಿಷಯದಲ್ಲಿ ಹೆಚ್ಚು ವ್ಯವಹಾರಜ್ಞರಾಗಿದ್ದರು. ಧನಿಕ, ವೇದ ಬಲ್ಲವನು, ಅರಸು, ಹೊಳೆ, ವೈದ್ಯ, ಈ ಐದೂ ಇಲ್ಲದೆಡೆಯಲ್ಲಿ ವಾಸ ಕೂಡದೆಂಬ ವಿವೇಕ ಚಾಣಕ್ಯನ ಹೆಸರಿನಲ್ಲಿ ಬಳಕೆಯಲ್ಲಿದೆ. ಇದರಲ್ಲಿ ಋಣದ ಸೋಂಕಿಲ್ಲ, ಅಚ್ಚುಕಟ್ಟಾದ ಪಟ್ಟಿ. ಆದರೆ ಪಟ್ಟಿಯನ್ನು ಮಾಡಿದವನು ಮನೆಯ ಯಜಮಾನ ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಹೊಳೆ ಇರಬೇಕು, ಸರಿ. ಹೊಳೆಗೂ ಅಡಿಗೆಮನೆಗೂ ಎಷ್ಟು ದೂರ? ವೈದ್ಯನಿರಬೇಕು, ಸರಿ. ಸೂಲಗಿತ್ತಿ? ಹೊತ್ತಲ್ಲದ ಹೊತ್ತಿನಲ್ಲಿ ಒಂದು ಬಟ್ಟಲು ಹಾಲು ಸಾಲ ಕೊಡುವ ನೆರೆಮನೆ? ಇವು ಶ್ಲೋಕಕ್ಕೆ ಸಿಕ್ಕಲಿಲ್ಲ. ಶ್ಲೋಕಕ್ಕೆ ಸಿಕ್ಕದಿದ್ದುದು ಗದ್ಯಕ್ಕೆ ಸಿಕ್ಕಬೇಕು. ಹೊಸ ನಾಡಿಗೆ ಬಂದ ಸಂಸಾರದ ಕಥೆಯನ್ನು ಅಳೆಯಲು ನಾನು ಇಟ್ಟುಕೊಂಡಿರುವ ಒರೆಗಲ್ಲು ಇದೇ. ನೆಲೆಯನ್ನು ಆರಿಸಿದವರ ಕಣ್ಣೊಂದು, ಅಲ್ಲಿ ನೆಲೆಸಿ ಬಾಳಬೇಕಾದವರ ಕಣ್ಣೊಂದು. ಕೃತಿಕಾರ ಯಾವ ಕಣ್ಣನ್ನು ನಮಗೆ ಕೊಟ್ಟಿದ್ದಾನೆ?

ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯನ್ನು ಹುಟ್ಟೂರಿನ ಮಹಾಕಥನವೆಂದು ನಾವೆಲ್ಲರೂ ಪಾಠ ಹೇಳುತ್ತ ಬಂದಿದ್ದೇವೆ. ಮೂರು ತಲೆಮಾರು, ಕಡಲ ಕರೆಯ ಕೋಡಿ, ಮದರಾಸು ಮುಂಬಯಿಗಳನ್ನು ಕಂಡು ಮಣ್ಣಿಗೆ ಮರಳುವ ಮೊಮ್ಮಗ ರಾಮ. ಈ ಓದು ತಪ್ಪಲ್ಲ. ಆದರೆ ಇದು ಐತಾಳರ ಮನೆಯ ಗಂಡಸರ ಕಡೆಯಿಂದ ಮಾಡಿದ ಓದು. ಕೋಡಿ ಯಾರ ಹುಟ್ಟೂರು? ರಾಮ ಐತಾಳನದು, ಅವನ ವಿಧವೆ ತಂಗಿ ಸರಸೋತಿಯದು, ಮಗ ಲಚ್ಚನದು. ಪಾರೋತಿಯದಲ್ಲ, ಸತ್ಯಭಾಮೆಯದಲ್ಲ, ನಾಗವೇಣಿಯದಲ್ಲ. ಅವರು ಮೂವರೂ ಬೇರೆಯವರು ಆರಿಸಿಕೊಟ್ಟ ನೆಲೆಗೆ ಬಂದು ಇಳಿದವರು. ಮಳೆಯಲ್ಲಿ ನೆನೆದು ಗದ್ದೆಯ ಕೆಲಸ ಮಾಡಿ, ನೀರಿನಲ್ಲಿ ತೇಲಿಬಂದ ಕಟ್ಟಿಗೆ ಹಿಡಿದು ಆ ಮಣ್ಣಿಗೆ ಬೆಲೆ ತಂದವರಲ್ಲಿ ಪಾರೋತಿ ಮೊದಲಿಗಳು. ಮದುವೆಯಾದ ನಮ್ಮ ಹೆಣ್ಣುಮಕ್ಕಳಲ್ಲಿ ಬಹುಪಾಲು ಎಲ್ಲರೂ ಒಮ್ಮೆ ಗುರುತಿಲ್ಲದ ಊರಿಗೆ ಹೋಗಿ ನೆಲೆ ಮಾಡಿಕೊಂಡವರೇ. ಇದನ್ನು ನಾವು 'ವಲಸೆ' ಎಂದು ಕರೆಯುವುದಿಲ್ಲ. ಹಾಗೆ ಕರೆಯದ ಕಾರಣದಿಂದಲೇ ನಮಗೆ ವಲಸೆಯ ಕಥೆ ಬರೆಯಲು ಕೈ ತಡವರಿಸುತ್ತದೆ. ಕಾರಂತರ ಹಿರಿಮೆಯೆಂದರೆ, ಕಾದಂಬರಿಯ ಹೆಸರು ಮರಳಿದವನನ್ನು ಕುರಿತದ್ದಾದರೂ ಅದರ ತೂಕವೆಲ್ಲ ಬಂದು ಉಳಿದವರ ಮೇಲೆ ಬಿದ್ದಿದೆ. ನಾಗವೇಣಿಯ ದುಃಖವನ್ನು ಋಣವೆಂದು ತಳ್ಳಿಹಾಕಲು ಅವರು ಬಿಡುವುದಿಲ್ಲ.

1943ರ 'ಬೆಟ್ಟದ ಜೀವ'ದ ವಿಷಯ ಸ್ವಲ್ಪ ಬೇರೆ. ಇಲ್ಲಿ ನೆಲೆಯನ್ನು ಆರಿಸಿದವನೊಬ್ಬ ಕಣ್ಣೆದುರಿಗೇ ಇದ್ದಾನೆ. ಸುಬ್ರಹ್ಮಣ್ಯದ ಕಡೆಯ ಕಾಡಿನ ನಡುವೆ ನೆಲ ಹಸನುಮಾಡಿ, ತೋಟ ಎಬ್ಬಿಸಿ, ಬೆಟ್ಟವನ್ನೇ ನೆಂಟನನ್ನಾಗಿ ಮಾಡಿಕೊಂಡ ಗೋಪಾಲಯ್ಯ. ದಾರಿ ತಪ್ಪಿ ರಾತ್ರಿ ಬಂದ ಅಪರಿಚಿತನಿಗೆ ಆ ಮನೆಯಲ್ಲಿ ದೊರೆಯುವ ಆದರ, ಮುದುಕನ ನಗು, ಅವನ ಮಾತಿನ ರುಚಿ, ಇವನ್ನು ಓದಿ ಹಿಗ್ಗದವರಿಲ್ಲ. ಇದನ್ನು ಪ್ರಕೃತಿಯೊಡನೆ ಸೆಣಸಿ ಗೆದ್ದ ಮಾನವನ ಸಾಹಸಗಾಥೆಯೆಂದು ವಿಮರ್ಶಕರು ಕೊಂಡಾಡಿದ್ದಾರೆ. ನಾನೂ ಕೆಲವು ವರ್ಷ ಹಾಗೆಯೇ ಪಾಠ ಹೇಳುತ್ತಿದ್ದೆ. ಒಮ್ಮೆ ಪದವಿ ತರಗತಿಯಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು, 'ಸರ್, ಆ ಅಜ್ಜಿಗೆ ಮಾತಾಡೋಕೆ ಪಕ್ಕದ ಮನೆ ಎಷ್ಟು ದೂರ ಇತ್ತು?' ಎಂದು ಕೇಳಿದಳು. ತರಗತಿ ನಕ್ಕಿತು. ಆ ಹುಡುಗಿ ನಗಲಿಲ್ಲ.

ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಕಾದಂಬರಿಯನ್ನು ಮತ್ತೆ ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಕಥೆಯನ್ನು ನಮಗೆ ಹೇಳುತ್ತಿರುವವನು ಅತಿಥಿ. ಕೆಲವು ದಿನ ಇದ್ದು ಹೊರಟುಹೋಗುವವನು. ಅತಿಥಿಯ ಕಣ್ಣಿಗೆ ಬೆಟ್ಟ ನೋಟವಾಗುತ್ತದೆ. ಮನೆಯವಳಿಗೆ ಅದು ಗೋಡೆಯೂ ಆಗಬಹುದು. ಶಂಕರಿಯ ಮಾತು ತಿರುತಿರುಗಿ ಮನೆ ಬಿಟ್ಟುಹೋದ ಮಗ ಶಂಭುವಿನ ಕಡೆಗೆ ಹರಿಯುತ್ತದೆ. ಇತ್ತ ನಾರಾಯಣ, ಲಕ್ಷ್ಮಿಯರ ಸಂಸಾರಕ್ಕೆ ತಾವು ಬೆವರು ಸುರಿಸಿದ ನೆಲ ನಾಳೆ ತಮ್ಮದಾಗಿ ಉಳಿದೀತೆ ಎಂಬ ಅಂಜಿಕೆ. ಆರಿಸಿದವನ ಆನಂದದ ಅಡಿಯಲ್ಲಿ ಈ ಎರಡು ಕೊರಗುಗಳು ಸದ್ದಿಲ್ಲದೆ ಹರಿಯುತ್ತಿವೆ. ಕಾರಂತರು ಅವನ್ನು ಕಂಡಿದ್ದಾರೆ. ಕಂಡದ್ದರಿಂದಲೇ ಗೋಪಾಲಯ್ಯನ ನಗುವಿಗೆ ಆ ಆಳ ಬಂದಿದೆ. ಆದರೆ ಅತಿಥಿಯ ಬಾಯಿಂದ ಕಥೆ ಹೇಳಿಸಲು ಒಪ್ಪಿದ ಮೇಲೆ ಶಂಕರಿಯ ಒಳಮನೆಗೆ ದಾರಿಯಿಲ್ಲ. ಆಕೆ ಜಗುಲಿಗೆ ಬಂದು ಆಡಿದಷ್ಟೇ ನಮಗೆ ಕೇಳಿಸುತ್ತದೆ. ಕೃತಿಯ ಸೊಗಸೂ ಅದರ ಎಲ್ಲೆಯೂ ಈ ಒಂದೇ ಏರ್ಪಾಟಿನಿಂದ ಬಂದಿವೆ. ಸಾಹಸಗಾಥೆ ಎಂಬ ಬಿರುದು ಸೊಗಸನ್ನು ಮಾತ್ರ ಕಾಣುತ್ತದೆ.

ಒಳಮನೆಗೆ ದಾರಿ ಮಾಡಿದರೆ ಏನಾದೀತು? ಇದಕ್ಕೆ ನನಗೆ ತಿಳಿದ ಉತ್ತಮ ಉದಾಹರಣೆ ನಾರ್ವೆ ದೇಶದ ಭಾಷೆಯಲ್ಲಿದೆ. ಓ. ಇ. ರೋಲ್ವಾಗ್ ನಾರ್ವೆಯಿಂದ 1896ರಲ್ಲಿ ಅಮೆರಿಕಕ್ಕೆ ಹೋಗಿ, ಮುಂದೆ ಅಲ್ಲಿಯ ಕಾಲೇಜೊಂದರಲ್ಲಿ ಅಧ್ಯಾಪಕನಾದವನು. ಅಮೆರಿಕದಲ್ಲಿದ್ದುಕೊಂಡೇ ತಾಯ್ನುಡಿಯಲ್ಲಿ ಬರೆದು, 1924 ಮತ್ತು 1925ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ ಕಾದಂಬರಿ 1927ರಲ್ಲಿ 'ಜೈಂಟ್ಸ್ ಇನ್ ದಿ ಅರ್ತ್' ಎಂದು ಇಂಗ್ಲಿಷಿಗೆ ಬಂತು. 1870ರ ದಶಕದ ಡಕೋಟ ಬಯಲು. ನೆಲದಲ್ಲಿ ನಿಂತು ಸಾಗುವಳಿ ಮಾಡಿದವರಿಗೆ 160 ಎಕರೆ ಕೊಡುವ 1862ರ ಕಾಯಿದೆಯನ್ನು ನಂಬಿ ನಾಲ್ಕಾರು ನಾರ್ವೆ ಸಂಸಾರಗಳು ಬಂಡಿ ಹೊಡೆದುಕೊಂಡು ಬರುತ್ತವೆ. ಅವರಲ್ಲಿ ಪೇರ್ ಹಾನ್ಸ ಒಬ್ಬ. ಅವನ ಹೆಂಡತಿ ಬೇರೆಟ್, ಆಗ ಬಸುರಿ.

ಪೇರ್ ಹಾನ್ಸ ನಮ್ಮ ಗೋಪಾಲಯ್ಯನ ಅಣ್ಣತಮ್ಮನಂತಿದ್ದಾನೆ. ನೆಲ ಕಂಡರೆ ಅವನಿಗೆ ಹಸಿವು ನೀರಡಿಕೆಗಳ ನೆನಪಿಲ್ಲ. ಹುಲ್ಲುಬೇರಿನ ಮಣ್ಣಿನ ಹೆಂಟೆಗಳನ್ನು ಕಡಿದು ಮನೆ ಕಟ್ಟುತ್ತಾನೆ. ಮನೆ ಕೊಟ್ಟಿಗೆ ಎರಡನ್ನೂ ಒಂದೇ ಚಾವಣಿಯ ಕೆಳಗೆ ತರುತ್ತಾನೆ. ಒಳಗೋಡೆಗೆ ಸುಣ್ಣ ಬಳಿದು ಬೆಳ್ಳಗೆ ಮಾಡಿ ನೆರೆಯವರನ್ನು ಬೆರಗುಗೊಳಿಸುತ್ತಾನೆ. ಅವನು ನೆಲೆ ಆರಿಸಿದ ರೀತಿಯೂ ವಿವೇಕದ್ದೇ: ಗೆಳೆಯರ ಪಕ್ಕ, ನೀರಿನ ಹತ್ತಿರ, ಒಂದು ಗುಡ್ಡದ ಆಸರೆಯಲ್ಲಿ. ಚಾಣಕ್ಯ ಬಂದು ನೋಡಿದರೂ ಬಹುಶಃ ಒಪ್ಪುತ್ತಿದ್ದ.

ಅದೇ ಬಯಲನ್ನು ರೋಲ್ವಾಗ್ ಬೇರೆಟ್‌ಳ ಕಣ್ಣಿಂದಲೂ ನೋಡಿಸುತ್ತಾನೆ. ಆಕೆಗೆ ಅಲ್ಲಿ ಮರೆಯಾಗಲು ಒಂದು ಮರವಿಲ್ಲ. ದಿಗಂತದವರೆಗೆ ತೆರೆದುಕೊಂಡ ಆ ಬಯಲು ಮನುಷ್ಯವಾಸಕ್ಕೆ ಹುಟ್ಟಿದ್ದಲ್ಲ ಎಂದು ಆಕೆಯ ಅಂತರಂಗ ಹೇಳುತ್ತದೆ. ಗುಡ್ಡದ ಮೇಲೆ ಆ ನಾಡಿನ ಮೂಲನಿವಾಸಿಯೊಬ್ಬನ ಗೋರಿಯಿದೆ. ತಾವು ಬರುವುದಕ್ಕೆ ಮೊದಲು ಇದು ಯಾರದೋ ನೆಲವಾಗಿತ್ತೆಂಬುದಕ್ಕೆ ಅದೊಂದೇ ಸಾಕ್ಷಿ. ಮುಂದೆ ನೆರೆಯ ಹೊಲಗಳಲ್ಲಿ ಬೇರೆಯವರ ಹೆಸರಿನ ಗಡಿಗೂಟಗಳನ್ನು ಕಂಡ ಗಂಡ ಅವನ್ನು ಗುಟ್ಟಾಗಿ ಕಿತ್ತು ತರುತ್ತಾನೆ. ಗೆಳೆಯರಿಗೆ ಅದು ಜಾಣತನ; ಗಡಿಗಲ್ಲು ಸರಿಸುವುದು ಮಹಾಪಾಪವೆಂದು ನಂಬಿ ಬೆಳೆದ ಬೇರೆಟ್‌ಗೆ ಅದು ನರಕದ ಬಾಗಿಲು. ಕತ್ತಲಾದರೆ ಆಕೆ ಕಿಟಕಿಗಳಿಗೆ ಬಟ್ಟೆ ಹೊದಿಸುತ್ತಾಳೆ. ಮಿಡತೆಗಳ ದಂಡು ಬಂದು ಬೆಳೆಯನ್ನು ತಿಂದುಹಾಕಿದ ದಿನ ಗಂಡ ಮನೆಗೆ ಬಂದು ನೋಡಿದರೆ, ತವರಿನ ಹಿರಿಯರ ಕಾಲದ ಹಳೆಯ ಪೆಟ್ಟಿಗೆಯೊಳಗೆ ಮಕ್ಕಳೊಡನೆ ಮುದುಡಿ ಕುಳಿತಿರುತ್ತಾಳೆ. ಹೊಸ ನಾಡಿನಲ್ಲಿ ಆಕೆ ತನ್ನ ಮನಸ್ಸಿನಿಂದ ಆರಿಸಿಕೊಂಡ ನೆಲೆ ಆ ಪೆಟ್ಟಿಗೆಯೊಂದೇ.

ಬೇರೆಟ್‌ಳದು ಹುಚ್ಚೆಂದು ಸುಲಭವಾಗಿ ಹೇಳಿಬಿಡಬಹುದು. ರೋಲ್ವಾಗ್ ಹಾಗೆ ಹೇಳುವುದಿಲ್ಲ. ಗಂಡ ಹೆಂಡತಿ ಇಬ್ಬರ ನೋಟವೂ ನಿಜ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಕೊನೆಗೆ ಸಾಯುತ್ತಿರುವ ನೆರೆಯವನಿಗಾಗಿ ಪಾದ್ರಿಯನ್ನು ಕರೆತರಬೇಕೆಂದು ಹೆಂಡತಿ ಹಟ ಹಿಡಿದಾಗ ಪೇರ್ ಹಾನ್ಸ ಹಿಮಪಾತದಲ್ಲಿ ಹೊರಡುತ್ತಾನೆ. ವಸಂತದಲ್ಲಿ ಹುಲ್ಲುಬಣವೆಗೆ ಒರಗಿದ ಅವನ ಹೆಣ ಸಿಕ್ಕುತ್ತದೆ, ಮುಖ ಪಡುವಣಕ್ಕೆ. ಬಯಲನ್ನು ಪ್ರೀತಿಸಿದವನು ಅದರಲ್ಲಿ ಸತ್ತ. ಅದಕ್ಕೆ ಹೆದರಿದವಳು ಅದರಲ್ಲಿ ಉಳಿದಳು. ಇಲ್ಲಿ ಲೇಖಕ ತೀರ್ಪು ಕೊಡದೆ ನಿಲ್ಲುತ್ತಾನೆ. ಇಂಥ ನಿಲುಗಡೆ ದೊಡ್ಡ ಕೃತಿಗಳಲ್ಲಿ ಮಾತ್ರ ಸಾಧ್ಯ.

ಅದೇ ಬಯಲುಗಳನ್ನು ಮಗುವಿನ ಕಣ್ಣಿಂದ ತೋರಿಸಿದವಳು ಲಾರಾ ಇಂಗಲ್ಸ್ ವೈಲ್ಡರ್. ಆಕೆಯ ಪುಸ್ತಕಗಳು ಮಕ್ಕಳಿಗಾಗಿ ಬರೆದವು. ರೋಲ್ವಾಗನ ಆಳವನ್ನು ಅಲ್ಲಿ ಹುಡುಕಬಾರದು. ಆದರೆ ನಮ್ಮ ಪ್ರಶ್ನೆಗೆ ಬೇಕಾದ ಒಂದು ಸಂಗತಿ ಅಲ್ಲಿದೆ. ತಂದೆಗೆ ಸದಾ ಪಡುವಣದ ಹಂಬಲ. ನೆರೆಮನೆಯ ಹೊಗೆ ಕಂಡರೆ ಊರು ಕಿಕ್ಕಿರಿಯಿತೆನ್ನುವ ಸ್ವಭಾವ. ತಾಯಿ ಮದುವೆಗೆ ಮೊದಲು ಶಾಲೆಯಲ್ಲಿ ಪಾಠ ಹೇಳಿದವಳು. 1939ರಲ್ಲಿ ಬಂದ ಸಂಪುಟದಲ್ಲಿ ಆಕೆ ಇನ್ನು ಮುಂದಕ್ಕೆ ಹೋಗಲು ಒಪ್ಪುವುದಿಲ್ಲ. ಹೆಣ್ಣುಮಕ್ಕಳಿಗೆ ಶಾಲೆ ಬೇಕೆಂಬುದು ಆಕೆಯ ಕಾರಣ. ಆ ಸಂಸಾರ ಡಕೋಟದ ಡಿ ಸ್ಮೆಟ್ ಎಂಬ ಊರಿನಲ್ಲಿ ನಿಲ್ಲುತ್ತದೆ. ಪಡುವಣದ ಬಯಲುಗಳನ್ನೆಲ್ಲ ಗೆದ್ದ ಸಾಹಸಿಯನ್ನು ಒಂದು ಶಾಲೆಯ ಗಂಟೆ ಕಟ್ಟಿಹಾಕಿತು! ಸಂಸಾರವೊಂದು ನೆಲೆ ಆರಿಸುವಾಗ ನಡೆಯುವ ನಿಜವಾದ ಜಗ್ಗಾಟ ಇದು. ಇದೇ ಲೇಖಕಿ ಇನ್ನೊಂದು ಕಡೆ ಕುರುಡಾಗಿದ್ದಾಳೆ ಎಂಬುದನ್ನೂ ಹೇಳಬೇಕು. 1935ರ ಸಂಪುಟದಲ್ಲಿ ಬರುವ ಕ್ಯಾನ್ಸಸ್‌ನ ಮನೆ ಎದ್ದದ್ದು ಓಸೇಜ್ ಜನರ ನೆಲದಲ್ಲಿ. ಆ ಜನರ ಚಿತ್ರಣಕ್ಕಾಗಿಯೇ ಅಮೆರಿಕದ ಗ್ರಂಥಪಾಲಕರ ಮಕ್ಕಳ ವಿಭಾಗ 2018ರಲ್ಲಿ ತನ್ನ ಪ್ರಶಸ್ತಿಯಿಂದ ಆಕೆಯ ಹೆಸರನ್ನು ತೆಗೆಯಿತು. ನೆಲೆಸಿದವರ ಕಣ್ಣೂ ಪೂರ್ತಿ ಕಣ್ಣಲ್ಲ. ಅದರಾಚೆ ನೆಲೆ ಕಳೆದುಕೊಂಡವರ ಕಣ್ಣೊಂದಿದೆ.

ಆ ಮೂರನೆಯ ಕಣ್ಣು ಕನ್ನಡದಲ್ಲಿ ತೆರೆದದ್ದು ಶರಾವತಿಯ ದಂಡೆಯಲ್ಲಿ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. ನಾಡಿಗೆ ಬೆಳಕು ಬಂತು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಎದ್ದುಹೋದ ಸಂಸಾರಗಳ ಹಕ್ಕುಪತ್ರದ ತಕರಾರು ಅರ್ಧ ಶತಮಾನ ಕಳೆದ ಮೇಲೂ ಮುಗಿದಿರಲಿಲ್ಲ. 2025ರ ಜನವರಿಯಲ್ಲಿ ನಮ್ಮನ್ನು ಅಗಲಿದ ನಾ. ಡಿಸೋಜ ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿದವರು. ಮುಳುಗಡೆಯನ್ನು ಕಡತದಲ್ಲಿಯೂ ಕಣ್ಣಾರೆಯೂ ಕಂಡವರು. ಅವರ 'ದ್ವೀಪ'ದಲ್ಲಿ ನೆರೆಹೊರೆಯವರು ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ. ಏರುವ ನೀರಿನ ನಡುವೆ ಗಣಪಯ್ಯ, ನಾಗವೇಣಿಯರು ಉಳಿಯುತ್ತಾರೆ. ಎಲ್ಲಿಗೆ ಹೋಗಬೇಕೆಂಬುದು ಇಲ್ಲಿ ಪರಿಹಾರದ ಹಣ ಯಾವಾಗ ಬಂದೀತೆಂಬುದಕ್ಕೆ ಗಂಟುಬಿದ್ದಿದೆ. ಆರಿಸುವ ಅಧಿಕಾರ ಯಜಮಾನನ ಕೈಯಿಂದಲೂ ಜಾರಿ ಕಚೇರಿಗೆ ಹೋಗಿದೆ. ಆಗ ಗಂಡನಿಗೂ ಹೆಂಡತಿಯ ಸ್ಥಿತಿಯೇ ಬರುತ್ತದೆ: ಬೇರೆಯವರು ಗೊತ್ತುಮಾಡಿದ್ದನ್ನು ಅನುಭವಿಸುವುದು. ಇಷ್ಟನ್ನು ಇಷ್ಟು ಚಿಕ್ಕ ಕಾದಂಬರಿಯಲ್ಲಿ ಹಿಡಿದದ್ದು ಡಿಸೋಜರ ಸಾಧನೆ.

ಗಿರೀಶ ಕಾಸರವಳ್ಳಿಯವರು ಇದನ್ನು ಚಲನಚಿತ್ರ ಮಾಡಿದಾಗ ತೂಕವನ್ನು ಇನ್ನಷ್ಟು ಹೆಂಡತಿಯ ಕಡೆಗೆ ಸರಿಸಿದರು. ಸೌಂದರ್ಯ ಅಭಿನಯಿಸಿದ ನಾಗಿ ಮಳೆಗಾಲದ ಆ ಇರುಳುಗಳಲ್ಲಿ ಹೆಣಗಿ ಮನೆಯನ್ನು ಉಳಿಸುತ್ತಾಳೆ. ಉಳಿದ ಮೇಲೆ ಗಂಡ ಅದು ದೇವರ ಕೃಪೆ ಎನ್ನುತ್ತಾನೆ. ಅವನ ಮಾತಿನಲ್ಲಿ ಕೆಡುಕಿಲ್ಲ, ಭಕ್ತಿಯೇ ಇದೆ. ಆದರೆ ಋಣದ ಮಾತು ಮಾಡುವ ಕೆಲಸವನ್ನೇ ಆ ಕೃಪೆಯ ಮಾತೂ ಮಾಡುತ್ತದೆ: ದುಡಿದವಳನ್ನು ಮರೆಮಾಡುತ್ತದೆ. ಆಗ ನಾಗಿಯ ಮುಖವನ್ನು ನೋಡಿದವರಿಗೆ ನನ್ನ ಈ ಲೇಖನ ಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ನೀರು ಎಷ್ಟು ದೂರ, ಶಾಲೆ ಎಲ್ಲಿ, ನೆರೆಯವರು ಯಾರು ಎಂದು ಬರೆಯುತ್ತ ಕುಳಿತರೆ ಕಾದಂಬರಿ ಬಾಡಿಗೆ ಮನೆಯ ದಲ್ಲಾಳಿಯ ಪುಸ್ತಕವಾಗದೆ? ಸಾಹಿತ್ಯಕ್ಕೆ ಬೇಕಾದುದು ಭಾವವಲ್ಲದೆ ವಿವರವೆ? ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ವಿವರಕ್ಕಾಗಿ ವಿವರ ತುಂಬಿದ ಕಾದಂಬರಿಗಳನ್ನು ನಾವು ಸಾಕಷ್ಟು ಕಂಡು ಬೇಸತ್ತಿದ್ದೇವೆ. ನನ್ನ ಬೇಡಿಕೆ ಪಟ್ಟಿಯದಲ್ಲ. ಮನೆ ಆರಿಸುವಾಗ ಗಂಡ ಹೆಂಡಿರ ನಡುವೆ, ತಂದೆ ಮಕ್ಕಳ ನಡುವೆ ಒಂದು ತೂಗಾಟ ನಡೆಯುತ್ತದೆ. ಯಾರ ಅನುಕೂಲಕ್ಕೆ ಯಾರು ಎಷ್ಟು ಬಿಟ್ಟುಕೊಡಬೇಕು? ವಯಸ್ಸಾದ ತಾಯಿಗೆ ದೇವಸ್ಥಾನ ಹತ್ತಿರವಿರಬೇಕೆ, ಮಗಳಿಗೆ ಶಾಲೆ ಹತ್ತಿರವಿರಬೇಕೆ, ದುಡಿಯುವವನಿಗೆ ಬಸ್ಸು ಹತ್ತಿರವಿರಬೇಕೆ? ಮೂರೂ ಸಿಕ್ಕುವ ಬೀದಿ ಭೂಲೋಕದಲ್ಲಿಲ್ಲ. ಆ ಕುಟುಂಬದಲ್ಲಿ ಯಾರ ಮಾತಿಗೆ ಎಷ್ಟು ಬೆಲೆ ಎಂಬುದು ಹಬ್ಬದ ದಿನ ಗೊತ್ತಾಗುವುದಿಲ್ಲ. ಇಂಥ ದಿನ ಗೊತ್ತಾಗುತ್ತದೆ. ಪಾತ್ರಗಳ ಒಳಗನ್ನು ಬಯಲಿಗೆಳೆಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಕಾದಂಬರಿಕಾರನಿಗೆ ಎಲ್ಲಿ ದೊರಕೀತು? ಮನೆ ಕಟ್ಟಿ ನೋಡು ಎಂದು ಗಾದೆ ಕಟ್ಟಿದವರು ಇಟ್ಟಿಗೆ ಸುಣ್ಣಗಳ ಖರ್ಚನ್ನು ಮಾತ್ರ ನೆನೆದಿರಲಾರರು.

ಮುಂಬಯಿಯ ಕನ್ನಡ ಕಥನದಲ್ಲಿ ಈ ಕೆಲಸ ನಡೆದಿದೆಯಲ್ಲವೆ ಎಂದು ಕೇಳುವವರುಂಟು. ಯಶವಂತ ಚಿತ್ತಾಲರ 1979ರ 'ಶಿಕಾರಿ' ನಮ್ಮ ಹೆಮ್ಮೆಯ ಕೃತಿ. ಆದರೆ ಅದರ ನಾಗಪ್ಪ ಒಂಟಿ. ಒಂಟಿ ಮನುಷ್ಯನಿಗೆ ಕೋಣೆ ಸಾಕು, ನೆಲೆಯ ಪ್ರಶ್ನೆ ಅವನಲ್ಲಿ ಆತ್ಮದ ಪ್ರಶ್ನೆಯಾಗಿಬಿಡುತ್ತದೆ. ಚಾಳುಗಳ ಇಕ್ಕಟ್ಟಿನಲ್ಲಿ ಬಾಳುವ ಜನರನ್ನು ಜಯಂತ ಕಾಯ್ಕಿಣಿಯವರು ತಮ್ಮ ಸಣ್ಣಕಥೆಗಳಲ್ಲಿ ಅಕ್ಕರೆಯಿಂದ ಕಂಡಿದ್ದಾರೆ. ಸಣ್ಣಕಥೆ ಒಂದು ಘಳಿಗೆಯನ್ನು ಬೆಳಗಿಸಿ ನಿಲ್ಲುತ್ತದೆ. ಆರಿಸಿದ ನೆಲೆ ಇಪ್ಪತ್ತು ವರ್ಷದಲ್ಲಿ ಆರಿಸಿದವರನ್ನು ಏನು ಮಾಡಿತು ಎಂಬುದಕ್ಕೆ ಕಾದಂಬರಿಯ ಹರವೇ ಬೇಕು.

ಅಂಥ ಕಾದಂಬರಿಗೆ ಸಾಮಗ್ರಿ ಈಗ ನಮ್ಮ ಸುತ್ತಲೂ ಬಿದ್ದಿದೆ. ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಬಂದು ಕಟ್ಟಡ ಕೆಲಸದ ಜಾಗದಲ್ಲಿಯೇ ತಗಡಿನ ಗುಡಿಸಲು ಹಾಕಿಕೊಂಡ ಸಂಸಾರಗಳು, ಅಸ್ಸಾಮಿನಿಂದ ಕೊಡಗಿನ ಕಾಫಿ ತೋಟಗಳ ಲೈನುಮನೆಗೆ ಬಂದವರು, ವರ್ಗಾವಣೆಯ ಆದೇಶ ಹಿಡಿದು ಎಲ್ಲಿ ಮನೆ ಮಾಡುವುದೆಂದು ಬೀದಿ ಬೀದಿ ಅಲೆಯುವ ನನ್ನಂಥ ಮೇಷ್ಟರ ಮನೆಯವರು. ಇವರಲ್ಲಿ ಕೆಲವರಿಗೆ ಆರಿಸುವ ಅವಕಾಶವುಂಟು, ಹಲವರಿಗೆ ಇಲ್ಲ. ಆ ಅಂತರವೇ ಒಂದು ದೊಡ್ಡ ವಸ್ತು. ಇದನ್ನು ಬರೆಯುವವರು ಊರು ಬಿಟ್ಟ ದುಃಖದಲ್ಲಿಯೇ ಅರ್ಧ ಪುಸ್ತಕ ಕಳೆಯದೆ, ಗಂಟು ಇಳಿಸಿದ ಕಡೆಯಿಂದ ಆರಂಭಿಸಲಿ. ಮೊದಲ ಬಿಂದಿಗೆ ನೀರು ತಂದವಳು ಯಾರು, ಎಷ್ಟು ದೂರದಿಂದ ತಂದಳು, ದಾರಿಯಲ್ಲಿ ಯಾರನ್ನು ಮಾತಾಡಿಸಿದಳು ಎಂಬುದನ್ನು ಕೇಳಿ ಬರೆಯಲಿ. ಆ ಪುಸ್ತಕ ಬಂದಾಗ ಹಿಂದಿನ ಬೆಂಚಿನ ಆ ಹುಡುಗಿಗೆ ಒಂದು ಪ್ರತಿ ಕಳಿಸುವ ಹೊಣೆ ನನ್ನದು.